ಹೊಳೆ ಏರುವ ಮೀನಿಗೆ ದಾರಿ ಬಿಡಿ

ಕೆರೆ ತುಂಬಿ ಕೋಡಿ ಬಿತ್ತೆಂದರೆ ನಮ್ಮ ಬಯಲುಸೀಮೆಗೆ ಅದೊಂದು ಹಬ್ಬ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳಲ್ಲಿ ಈ ಹಬ್ಬ ವರ್ಷವರ್ಷವೂ ಬರುವುದಿಲ್ಲ. ಹಸ್ತ, ಚಿತ್ತೆ ಮಳೆಗಳು ಕೈಹಿಡಿದರೆ ಉಂಟು, ಕೈಬಿಟ್ಟರೆ ಇಲ್ಲ. ಬಂದ ವರ್ಷ ಮಾತ್ರ ಊರಿಗೆ ಊರೇ ಕೆರೆಯ ಏರಿಯ ಮೇಲಿರುತ್ತದೆ. ಗಂಗಮ್ಮನಿಗೆ ಬಾಗಿನ ಬಿಡುವವರು ಒಂದು ಕಡೆ. ಬೀಸುಬಲೆ, ಕೂಳಿ, ಹಳೆಯ ಸೀರೆ, ಸೊಳ್ಳೆಪರದೆ ಹಿಡಿದು ಕೋಡಿಯ ಬಾಯಿಗೆ ಓಡುವವರು ಇನ್ನೊಂದು ಕಡೆ. ಅಲ್ಲಿ ಮೀನು ನೀರಿಗೆ ಎದುರಾಗಿ ಹಾರುತ್ತಿರುತ್ತದೆ. ಕಲ್ಲಿಗೆ ಬಡಿದು ಕೆಳಗೆ ಬೀಳುತ್ತದೆ, ಮತ್ತೆ ಹಾರುತ್ತದೆ. ಅದನ್ನು ಹಿಡಿಯಲು ಬೆಸ್ತರ ಕೈಚಳಕವೇನೂ ಬೇಕಿಲ್ಲ. ಚಿಕ್ಕ ಹುಡುಗನೂ ಬುಟ್ಟಿಯೊಡ್ಡಿ ಹಿಡಿಯಬಲ್ಲ.

ಆ ಮೀನನ್ನು ಮನೆಗೆ ತಂದು ಹೊಟ್ಟೆ ಸೀಳಿದಾಗ ಒಳಗೆ ತುಂಬಿಕೊಂಡಿರುವ ತತ್ತಿಯನ್ನು ನೀವು ಕಂಡೇ ಇರುತ್ತೀರಿ. ಬೀಜಕ್ಕೆಂದು ತೆಗೆದಿಟ್ಟ ಶೇಂಗಾವನ್ನು ಮುಂಗಾರಿನ ಹೊತ್ತಿಗೆ ಹುರಿದು ತಿನ್ನುವ ರೈತನನ್ನು ಊರಿನವರು ಏನೆನ್ನುತ್ತಾರೆ? ಕೋಡಿಯ ಬಾಯಲ್ಲಿ ನಾವು ಮಾಡುತ್ತಿರುವುದು ಅದನ್ನೇ. ಆದರೆ ಶೇಂಗಾ ಒಬ್ಬನದು, ಮೀನು ಯಾರೊಬ್ಬರದೂ ಅಲ್ಲ. ಹಾಗಾಗಿ ಯಾರೂ ಏನೂ ಅನ್ನುವುದಿಲ್ಲ.

ಹೊಳೆ ಏರುವ ಮೀನಿನ ವಿಷಯವನ್ನು ಸರಿಯಾಗಿ ತಿಳಿಯಬೇಕೆಂದರೆ ಮೀನು ಸಾಕಣೆಯ ಕೈಪಿಡಿಯೊಂದೇ ಸಾಲದು. ಅಣೆಕಟ್ಟುಗಳ ಚರಿತ್ರೆ, ಶಾಸನಗಳು, ಹಳೆಯ ಕಾನೂನು, ಬೇರೆ ದೇಶದ ಹಳ್ಳಿಗಳ ವರದಿ ಇವನ್ನೆಲ್ಲ ಒಟ್ಟಿಗಿಟ್ಟು ಓದಬೇಕು. ಹಾಗೆ ಓದಿದಾಗ ದೊರೆತ ಕೆಲವು ಸಂಗತಿಗಳನ್ನು ಇಲ್ಲಿ ನಿಮ್ಮ ಮುಂದಿಡಲಾಗಿದೆ. ನಿಮ್ಮ ಊರಿನ ಹಳ್ಳಕ್ಕೆ, ನಿಮ್ಮ ಮೀನುಗಾರರ ಸಹಕಾರ ಸಂಘಕ್ಕೆ ಇವುಗಳಲ್ಲಿ ಯಾವುದು ಒಗ್ಗುತ್ತದೆಂಬುದನ್ನು ನೀವೇ ನೋಡಿಕೊಳ್ಳಿ.

ಮನೆ ಬಿಡದ ಮೀನು, ಊರು ತಿರುಗುವ ಮೀನು

ಎಲ್ಲ ಮೀನಿಗೂ ಪಯಣ ಬೇಕಿಲ್ಲ. ಕೊರವವನ್ನೇ ನೋಡಿ, ನಮ್ಮ ಗಡಿಭಾಗದಲ್ಲಿ ತೆಲುಗಿನವರು ಇದನ್ನು ಕೊರಮೀನು ಎನ್ನುತ್ತಾರೆ. ಅದು ಕೆರೆಯಂಚಿನ ಜೊಂಡಿನಲ್ಲೇ ಗೂಡು ಮಾಡಿ, ಮೊಟ್ಟೆಯಿಟ್ಟು, ಮರಿಗಳು ದೊಡ್ಡವಾಗುವವರೆಗೆ ಕಾವಲು ಕಾಯುತ್ತದೆ. ತಾಯಿತಂದೆ ಎರಡೂ ಕಾಯುವುದುಂಟು. ಜಿಲೇಬಿ ಎಂದು ಕರೆಯುವ ಟಿಲಾಪಿಯಾ ಇನ್ನೂ ಒಂದು ಹೆಜ್ಜೆ ಮುಂದೆ. ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಇವಕ್ಕೆ ನಿಂತ ನೀರೇ ಸಾಕು.

ಇನ್ನೊಂದು ಬಗೆಯವು ಹೊಸ ನೀರಿನ ವಾಸನೆ ಹಿಡಿದು ಹೊರಡುವವು. ಬಾಳೆಮೀನು, ಕೆಮ್ಮೀನು, ಪಕ್ಕೆಯಂಥ ಸಣ್ಣ ಮೀನುಗಳು ಈ ಗುಂಪಿನವು. ಹೊಳೆ, ಹಳ್ಳಗಳಲ್ಲಿ ಕೆಂಪು ನೀರು ಬಂದೊಡನೆ ಇವು ಎದುರು ಈಜಿ ಆಳವಿಲ್ಲದ, ಹೊಸದಾಗಿ ಮುಳುಗಿದ ಹುಲ್ಲುಗಾವಲು, ಗದ್ದೆಯಂಚು, ಮರಳುದಂಡೆಗಳನ್ನು ಸೇರಿ ಮೊಟ್ಟೆಯಿಡುತ್ತವೆ. ಮಲೆನಾಡಿನವರು ಇದನ್ನು ಹತ್ತುಮೀನು ಎನ್ನುತ್ತಾರೆ. ಹೊಳೆ ಹತ್ತುವ ಮೀನು ಎಂದು ಅರ್ಥ. ಮೃಗಶಿರಾ, ಆರಿದ್ರಾ ಮಳೆಗಳಲ್ಲಿ ಹತ್ತುಮೀನು ಹಿಡಿಯುವುದು ಅಲ್ಲಿನವರಿಗೆ ದೊಡ್ಡ ಶಿಕಾರಿ. ನಮ್ಮ ಕಡೆ ದೊಡ್ಡ ಮಳೆ ತಡವಾಗಿ ಬರುತ್ತದೆ, ಆದ್ದರಿಂದ ಏರಾಟವೂ ತಡ. ಮೀನಿಗೆ ಪಂಚಾಂಗ ತಿಳಿಯದು. ನೀರು ಬಂದಾಗ ಹೊರಡುತ್ತದೆ.

ಹಾವುಮೀನಿನದು ಇದಕ್ಕೆ ತದ್ವಿರುದ್ಧ. ಅದು ಹುಟ್ಟುವುದು ಸಮುದ್ರದಲ್ಲಿ, ಬೆಳೆಯುವುದು ಹೊಳೆಯಲ್ಲಿ. ದಾರದ ಎಳೆಯಂತಿರುವಾಗ ನದಿಯ ಬಾಯಿಂದ ಒಳಹೊಕ್ಕು ಏರುತ್ತದೆ, ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮತ್ತೆ ಸಮುದ್ರಕ್ಕೆ ಇಳಿಯುತ್ತದೆ. ಹೋಗುವ ದಾರಿ, ಬರುವ ದಾರಿ ಎರಡೂ ತೆರೆದಿದ್ದರೆ ಮಾತ್ರ ಅದರ ಸಂಸಾರ.

ವೇದಾವತಿಯ ಹಾದಿಯಲ್ಲಿ

ಈಗ ನಮ್ಮ ಹೊಳೆಯ ಕಡೆ ಬನ್ನಿ. ಚಿಕ್ಕಮಗಳೂರು ಜಿಲ್ಲೆಯ ಬಾಬಾಬುಡನ್ ಗಿರಿಗಳ ಕಡೆಯಿಂದ ಬರುವ ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳು ಕೂಡಿ ವೇದಾವತಿಯಾಗುತ್ತದೆ. ಅದು ಕಡೂರು, ಹೊಸದುರ್ಗದ ಸೀಮೆ ದಾಟಿ ಹಿರಿಯೂರಿಗೆ ಬಂದು, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆ ಹರಿದು, ಆಂಧ್ರದ ಅನಂತಪುರ ಜಿಲ್ಲೆಯನ್ನು ಹೊಗುತ್ತದೆ. ಅಲ್ಲಿಂದ ಮುಂದೆ ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಜಿಲ್ಲೆಗೆ ಮರಳಿ ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯನ್ನು ಸೇರುತ್ತದೆ. ತುಂಗಭದ್ರೆ ಕೃಷ್ಣೆಗೆ, ಕೃಷ್ಣೆ ಬಂಗಾಳ ಕೊಲ್ಲಿಗೆ. ಅಂದರೆ ಪರಶುರಾಂಪುರದ ಬಳಿ ಹೊಳೆಯಲ್ಲಿ ನಿಂತರೆ ನಿಮ್ಮ ಕಾಲಿನ ಕೆಳಗಿನ ನೀರಿಗೆ ಸಮುದ್ರದವರೆಗೆ ಒಂದೇ ಹಾದಿ.

ಒಂದು ಕಾಲಕ್ಕೆ ಮೀನಿಗೂ ಅದೇ ಹಾದಿಯಾಗಿತ್ತು. ಕೃಷ್ಣೆಗೆ ವಿಜಯವಾಡದಲ್ಲಿ ಅಣೆ ಕಟ್ಟಿದ್ದು 1855ರ ವೇಳೆಗೆ. ನಮ್ಮ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಆರಂಭವಾಗಿ 1907ರಲ್ಲಿ ಮುಗಿಯಿತು. ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರು ಹೊತ್ತ ಈ ಮಾರಿಕಣಿವೆಯ ಕಟ್ಟೆ ಹಿರಿಯೂರು ಸೀಮೆಗೆ ಅನ್ನ ಕೊಟ್ಟಿದೆ, ಅದರಲ್ಲಿ ಎರಡು ಮಾತಿಲ್ಲ. ಕೆಳಗೆ ಅನಂತಪುರ ಜಿಲ್ಲೆಯಲ್ಲಿ ಭೈರವಾನಿತಿಪ್ಪ ಅಣೆಕಟ್ಟು ಬಂತು. ಕೃಷ್ಣೆಯ ಮೇಲೆ ನಾಗಾರ್ಜುನಸಾಗರ 1967ರಲ್ಲಿ, ಆಮೇಲೆ ಶ್ರೀಶೈಲ. ಮೊಳಕಾಲ್ಮೂರಿನಲ್ಲಿ ಚಿನ್ನಹಗರಿಗೆ ರಂಗಯ್ಯನದುರ್ಗದ ಕಟ್ಟೆ. ಇತ್ತೀಚಿನ ವರ್ಷಗಳಲ್ಲಿ ವೇದಾವತಿಗೆ ಚೌಳೂರಿನಂಥ ಕಡೆ ಬ್ಯಾರೇಜುಗಳು, ಹಳ್ಳಹಳ್ಳಕ್ಕೂ ಚೆಕ್ ಡ್ಯಾಮುಗಳು.

ಇವುಗಳಲ್ಲಿ ಯಾವುದನ್ನೂ ಕಟ್ಟಬಾರದಿತ್ತೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕುಡಿಯುವ ನೀರಿಗೆ ಟ್ಯಾಂಕರಿನ ದಾರಿ ಕಾದವರ ಮುಂದೆ ಚೆಕ್ ಡ್ಯಾಮು ಬೇಡವೆಂದು ಹೇಳುವ ಧೈರ್ಯ ಯಾರಿಗಿದೆ? ಆದರೆ ಒಂದು ಮಾತನ್ನು ಗಮನಿಸಿ. ಗೋಡೆ ಕಟ್ಟುವಾಗ ನಾಲೆಗೆ ತೂಬು ಇಟ್ಟರು, ಹೆಚ್ಚಾದ ನೀರಿಗೆ ಕೋಡಿ ಇಟ್ಟರು. ಮೀನಿಗೆ ಮೆಟ್ಟಿಲಿಡಬೇಕೆಂಬ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ.

ಇದರ ನಡುವೆ ಒಂದು ಒಳ್ಳೆಯ ಸುದ್ದಿಯೂ ಉಂಟು. 1933ರಲ್ಲಿ ತುಂಬಿ ಕೋಡಿ ಹರಿದಿದ್ದ ವಾಣಿವಿಲಾಸ ಸಾಗರ ಬಳಿಕ 89 ವರ್ಷ ಕೋಡಿಯನ್ನೇ ಕಾಣಲಿಲ್ಲ. 2019ರಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರು ಅದಕ್ಕೆ ಬರತೊಡಗಿತು. 2022ರ ಸೆಪ್ಟೆಂಬರಿನಲ್ಲಿ ಒಳ್ಳೆಯ ಮಳೆಯೂ ಕೂಡಿ ಕೋಡಿ ಬಿತ್ತು. 2025ರ ಜನವರಿಯಲ್ಲಿ ಮತ್ತೊಮ್ಮೆ ಬಿತ್ತು. ಮರಳು ಹಾಸಿಗೆಯಾಗಿದ್ದ ವೇದಾವತಿಯಲ್ಲಿ ನೀರು ಕಂಡು ಮುದುಕರು ಕೈಮುಗಿದರು. ಹೊಳೆಗೆ ನೀರು ಬಂದಾಗ ಮೀನಿಗೂ ಒಂದು ಅವಕಾಶ ಬಂದಂತೆ. ಅದನ್ನು ಉಳಿಸಿಕೊಳ್ಳುವುದೋ, ಕೋಡಿಯ ಬಾಯಲ್ಲೇ ಮುಗಿಸುವುದೋ ಎಂಬುದು ನಮಗೆ ಬಿಟ್ಟ ವಿಷಯ.

ವರ್ಷವರ್ಷ ಮರಿ ಕೊಳ್ಳುವುದೇಕೆ?

ನಿಮ್ಮ ಸಂಘ ಕೆರೆ ಗುತ್ತಿಗೆ ಹಿಡಿದಿದ್ದರೆ ಮೀನುಮರಿಯ ಖರ್ಚು ನಿಮಗೆ ಗೊತ್ತೇ ಇದೆ. ಕಾಟ್ಲಾ, ರೋಹು, ಮೃಗಾಲ್ ಬಿಡುತ್ತೀರಿ. ಅವು ಚೆನ್ನಾಗಿ ಬೆಳೆಯುತ್ತವೆ, ಆದರೆ ಕೆರೆಯಲ್ಲಿ ಮರಿ ಮಾಡುವುದಿಲ್ಲ. ಏಕೆಂದು ಕೇಳಿದ್ದೀರಾ? ಈ ಮೂರೂ ಮೂಲದಲ್ಲಿ ಉತ್ತರದ ದೊಡ್ಡ ನದಿಗಳ ಮೀನು, ಹೊಳೆ ಏರುವ ಜಾತಿಯವು. ಪ್ರವಾಹದ ಎಳೆತ, ಹೊಸ ನೀರಿನ ತಂಪು, ಮುಳುಗಿದ ಹುಲ್ಲುದಂಡೆ ಇವೆಲ್ಲ ಕೂಡಿ ಬಂದರೆ ಮಾತ್ರ ಅವಕ್ಕೆ ಮೊಟ್ಟೆಯಿಡುವ ಮನಸ್ಸು. ಒಂದು ಕಿಲೋ ತೂಗುವ ಹೆಣ್ಣು ರೋಹುವಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮೊಟ್ಟೆಗಳಿರುತ್ತವೆ. ನಿಂತ ನೀರಿನಲ್ಲಿ ಅವೆಲ್ಲ ಹೊಟ್ಟೆಯಲ್ಲೇ ಕರಗಿಹೋಗುತ್ತವೆ.

ಹಿಂದೆ ಇವುಗಳ ಮರಿಯನ್ನು ಪ್ರವಾಹದ ಕಾಲದಲ್ಲಿ ಗಂಗೆಯ ದಡದಲ್ಲಿ ಬಟ್ಟೆಬಲೆಯೊಡ್ಡಿ ಸೋಸಿ ತೆಗೆದು, ದೂರದ ಊರುಗಳಿಗೆ ರೈಲಿನಲ್ಲಿ ಕಳಿಸುತ್ತಿದ್ದರು. ಬಂಗಾಳದ ಕೆಲವು ಜಿಲ್ಲೆಗಳಲ್ಲಿ ಜಾಣ ರೈತರು ಮಳೆನೀರು ನುಗ್ಗುವಂತೆ ಕಟ್ಟೆಗಳನ್ನು ಕಟ್ಟಿ, ಕೆರೆಗೇ ಹೊಳೆಯ ವೇಷ ಹಾಕಿ ಮೊಟ್ಟೆ ಇಡಿಸುತ್ತಿದ್ದರು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಡಾ. ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಮೀನಿನ ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆ ಇಡಿಸಿದರು. ಇಂದು ನೀವು ಕೊಳ್ಳುವ ಮರಿಯ ಕಥೆ ಆರಂಭವಾದದ್ದು ಅಲ್ಲಿಂದ. ಆ ದಿನವನ್ನೇ ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ.

ಈ ವಿದ್ಯೆ ದೊಡ್ಡದು. ಆದರೆ ಅದು ದೊರೆತ ಮೇಲೆ ಹೊಳೆಯ ಬಗ್ಗೆ ನಮ್ಮ ಕಾಳಜಿ ಕಡಿಮೆಯಾಯಿತೆಂಬುದು ನನ್ನ ಅನಿಸಿಕೆ. ಮರಿ ತೊಟ್ಟಿಯಲ್ಲಿ ಸಿಗುವಾಗ ಹಳ್ಳದ ಗೊಡವೆ ಯಾರಿಗೆ ಬೇಕು? ಆದರೆ ಇಂಜೆಕ್ಷನ್ನಿನ ಭಾಗ್ಯ ಎಲ್ಲ ಮೀನಿಗೂ ಇಲ್ಲ. ಹಾಕಿದ ಹಣಕ್ಕೆ ಲಾಭ ತರುವ ಬೆರಳೆಣಿಕೆಯ ಜಾತಿಗಳಿಗಷ್ಟೇ ಅದು. ನಮ್ಮ ಕೃಷ್ಣಾ ಕಣಿವೆಯ ಹತ್ತಾರು ಸಣ್ಣಪುಟ್ಟ ಜಾತಿಗಳು ತಾವಾಗಿ ಏರಿ ತಾವಾಗಿ ಹುಟ್ಟಬೇಕು. ಕೂಲಿಯವರ ಮನೆಯ ಸಾರಿಗೆ ಬೀಳುವುದು ಹೆಚ್ಚಾಗಿ ಆ ಸಣ್ಣ ಮೀನೇ. ಹೊಳೆಯನ್ನು ತುಂಡುತುಂಡು ಮಾಡಿದಷ್ಟೂ ಲಾಭ ಜಿಲೇಬಿಗೆ. 1952ರಲ್ಲಿ ಹೊರದೇಶದಿಂದ ತಂದ ಈ ಮೀನಿಗೆ ಪಯಣದ ಹಂಗಿಲ್ಲ; ಹೊಂಡವೊಂದಿದ್ದರೆ ಸಾಕು, ಊರಿಗೆಲ್ಲ ಹರಡುತ್ತದೆ.

ಇದು ನಮ್ಮ ಹಳ್ಳದ ಕಥೆ ಮಾತ್ರವಲ್ಲ. ಜಗತ್ತಿನಾದ್ಯಂತ ವಲಸೆ ಹೋಗುವ ಸಿಹಿನೀರಿನ ಮೀನುಗಳನ್ನು ಲೆಕ್ಕವಿಟ್ಟು ನೋಡಿದ ವಿಜ್ಞಾನಿಗಳ 2024ರ ವರದಿಯ ಪ್ರಕಾರ, 1970ರಿಂದ 2020ರೊಳಗೆ ಅವು ಸರಾಸರಿ ಶೇ. 81ರಷ್ಟು ಇಳಿದಿವೆ. ಮುಖ್ಯ ಕಾರಣಗಳಲ್ಲಿ ಒಂದು ಅಡ್ಡಗೋಡೆ, ಇನ್ನೊಂದು ಮಿತಿಮೀರಿದ ಹಿಡಿತ.

ಮೊಳಕಾಲ್ಮೂರಿನ ಅರಸನ ಮಾತು

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳಿರುವುದು ನಿಮಗೆ ತಿಳಿದದ್ದೇ. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಪ್ರಾಣಿಗಳಲ್ಲಿ ದಯೆಯಿರಬೇಕೆಂಬ ಮಾತು ಆ ಬಂಡೆಗಳಲ್ಲಿದೆ. ಆದರೆ ಅದೇ ಅರಸ ಉತ್ತರ ಭಾರತದಲ್ಲಿ ನಿಲ್ಲಿಸಿದ ಕಂಬಗಳ ಐದನೆಯ ಶಾಸನದಲ್ಲಿ ಮೀನಿನ ವಿಷಯವನ್ನೇ ಬಿಡಿಸಿ ಹೇಳಿದ್ದಾನೆಂಬುದು ಬಹಳ ಮಂದಿಗೆ ತಿಳಿಯದು. ಕೆಲವು ಜಾತಿಯ ಮೀನುಗಳನ್ನು ಎಂದೂ ಕೊಲ್ಲಬಾರದು. ಋತು ಬದಲಾಗುವ ಚಾತುರ್ಮಾಸದ ಹುಣ್ಣಿಮೆಗಳಲ್ಲಿ, ಇನ್ನು ಕೆಲವು ಗೊತ್ತಾದ ದಿನಗಳಲ್ಲಿ ಮೀನು ಹಿಡಿಯುವುದಿರಲಿ, ಮಾರುವುದೂ ಕೂಡದು. ಬೆಸ್ತರಿಗೆಂದೇ ಬಿಟ್ಟ ನೀರಿನಲ್ಲೂ ಆ ದಿನಗಳಲ್ಲಿ ಕೊಲೆ ಸಲ್ಲದು. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನ ಮಾತಿದು. ವರ್ಷವಿಡೀ ಬೇಡವೆನ್ನದೆ ದಿನ ಗೊತ್ತು ಮಾಡಿದ್ದನ್ನು ಗಮನಿಸಿ. ಬೆಸ್ತರ ಹೊಟ್ಟೆಪಾಡೂ ಅರಸನ ಲೆಕ್ಕದಲ್ಲಿತ್ತೆಂದು ಇದರಿಂದ ತೋರುತ್ತದೆ.

ಇಂಗ್ಲಿಷರ ಕಾಲಕ್ಕೆ ಬಂದರೆ, ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್.ಎಸ್. ಥಾಮಸ್ ಅವರು 1870ರಲ್ಲಿ ಅಲ್ಲಿನ ಹೊಳೆಗಳ ಮೀನಿನ ಬಗ್ಗೆ ವರದಿ ಬರೆದರು. ಫ್ರಾನ್ಸಿಸ್ ಡೇ ಎಂಬ ವೈದ್ಯರು ದೇಶದ ನಾನಾ ಜಿಲ್ಲೆಗಳ ಅಧಿಕಾರಿಗಳಿಗೆ, ತಹಸೀಲ್ದಾರರಿಗೆ ಪ್ರಶ್ನೆಗಳನ್ನು ಕಳಿಸಿ, ಉತ್ತರಗಳನ್ನು ಕೂಡಿಸಿ 1873ರಲ್ಲಿ ದೊಡ್ಡ ವರದಿ ತಂದರು. ಅಣೆಗಳು ದಾರಿ ಕಟ್ಟುತ್ತಿವೆ, ಸಣ್ಣ ಕಣ್ಣಿನ ಬಲೆಗಳು ಮರಿಯನ್ನು ಸೋಸುತ್ತಿವೆ ಎಂಬ ದೂರು ಆಗಲೇ ಇತ್ತು. 1897ರ ಮೀನುಗಾರಿಕೆ ಕಾಯಿದೆ ಬಂದು ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅಪರಾಧವೆಂದಿತು. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಗೆ ತನ್ನದೇ ನಿಬಂಧನೆ ಮಾಡಿತು. ಮಾರಿಕಣಿವೆಯಲ್ಲಿ ಕಟ್ಟೆಯ ಕಲ್ಲು ಏರುತ್ತಿದ್ದ ಕಾಲವದು.

ಕಾನೂನು ಬಂದು ಇಷ್ಟು ವರ್ಷವಾದರೂ ತೋಟೆ ಹಾಕುವವರು, ಮೈಲುತುತ್ತ ಸುರಿಯುವವರು ಹೋಗಿಲ್ಲ. ಹೊಳೆ ಉದ್ದ, ಪೊಲೀಸರು ಕೆಲವೇ ಮಂದಿ. ದಡದಲ್ಲಿರುವವರೇ ಕಾಯದಿದ್ದರೆ ಕಾಯುವವರಿಲ್ಲ.

ದೇವರ ಎತ್ತು, ದೇವರ ಮೀನು

ದಡದವರೇ ಕಾದ ಉದಾಹರಣೆಗಳು ನಮ್ಮ ರಾಜ್ಯದಲ್ಲೇ ಇವೆ. ಶೃಂಗೇರಿಯಲ್ಲಿ ಶಾರದಾ ಪೀಠದ ಮುಂದೆ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚಿದ್ದೀರಲ್ಲವೇ? ತೀರ್ಥಹಳ್ಳಿಯ ಬಳಿ ಚಿಪ್ಪಲಗುಡ್ಡೆ, ಕಾವೇರಿಯ ದಡದಲ್ಲಿ ರಾಮನಾಥಪುರ, ದಕ್ಷಿಣ ಕನ್ನಡದ ಶಿಶಿಲ ಇಲ್ಲೆಲ್ಲ ಮಹಶೀರ್ ಮೊದಲಾದ ದೊಡ್ಡ ಮೀನುಗಳು ನಿರ್ಭಯವಾಗಿ ಓಡಾಡುತ್ತವೆ. ದೇವರ ಮೀನೆಂದು ಜನ ಮುಟ್ಟುವುದಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಉಳಿಯುವ ಆಳವಾದ ಮಡುಗಳೇ ಇವು. ಅಲ್ಲಿ ಉಳಿದ ತಾಯಿಮೀನು ಮಳೆಗಾಲದಲ್ಲಿ ಮೇಲೇರಿ ಹೊಳೆಗೆಲ್ಲ ಮರಿ ಹಂಚುತ್ತದೆ.

ಈ ನಂಬಿಕೆ ಮಲೆನಾಡಿನವರದು, ನಮಗೇಕೆ ಎನ್ನಬೇಡಿ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮ್ಯಾಸನಾಯಕರ ಹಟ್ಟಿಗಳು ದೇವರ ಎತ್ತುಗಳನ್ನು ಸಾಕಿಕೊಂಡು ಬಂದಿವೆ. ಅವನ್ನು ಯಾರೂ ಮಾರುವುದಿಲ್ಲ, ಉಳುಮೆಗೆ ಕಟ್ಟುವುದಿಲ್ಲ. ಬರ ಬಂದಾಗ ಮೇವಿಗೆ ಎಲ್ಲರೂ ಕೂಡಿ ಹೊಂದಿಸುತ್ತಾರೆ. ಕಾಯಲು ಕಿಲಾರಿ ಇರುತ್ತಾನೆ. ಯಾರೊಬ್ಬರದೂ ಅಲ್ಲದ್ದನ್ನು ಎಲ್ಲರೂ ಸೇರಿ ಕಾಯುವ ಪದ್ಧತಿ ಈ ನೆಲಕ್ಕೆ ಹೊಸದೇನಲ್ಲ. ಎತ್ತಿಗೆ ಸಂದ ಮರ್ಯಾದೆಯನ್ನು ಒಂದು ಮಡುವಿಗೆ ಸಲ್ಲಿಸಲು ಹೊಸದಾಗಿ ಕಲಿಯಬೇಕಾದದ್ದು ಹೆಚ್ಚಿಲ್ಲ.

ನಂಬಿಕೆಯೊಂದೇ ಸಾಕೇ ಎಂದು ಕೇಳಿದರೆ, ಸಾಲದು ಎನ್ನಬೇಕಾಗುತ್ತದೆ. 1996ರಲ್ಲಿ ಶಿಶಿಲದ ಹೊಳೆಗೇ ದುಷ್ಕರ್ಮಿಗಳು ವಿಷ ಹಾಕಿದರು. ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಊರಿನವರು ಅವುಗಳ ನೆನಪಿಗೆ ಸ್ಮಾರಕವನ್ನೇ ನಿಲ್ಲಿಸಿದ್ದಾರೆ. ದೇವಸ್ಥಾನದ ಮುಂದಿನ ಮಡುವನ್ನು ಎಷ್ಟೇ ಭಕ್ತಿಯಿಂದ ಕಾದರೂ ಮೇಲಿನಿಂದ ಬರುವ ನೀರು ಅದೇ. ಮೇಲಿನ ಊರೂ ಕೆಳಗಿನ ಊರೂ ಒಪ್ಪದೆ ನಡುವಿನ ಊರೊಂದೇ ಮೀನನ್ನು ಉಳಿಸಲಾರದು.

ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸವೂ ಅಡ್ಡದಾರಿ ಹಿಡಿದೀತು. ಕಾವೇರಿಯಲ್ಲಿ ಗೂನುಬೆನ್ನಿನ ಮಹಶೀರ್ ಎಂಬ ಭಾರಿ ಮೀನುಂಟು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ, ಕಾವೇರಿ ಕಣಿವೆಗೇ ಮೀಸಲಾದ ಜಾತಿ. ಮಹಶೀರ್ ಕಡಿಮೆಯಾಯಿತೆಂದು ಮಹಾರಾಷ್ಟ್ರದ ಲೋನಾವಳದಲ್ಲಿ ಮಾಡಿಸಿದ ಬೇರೊಂದು ಜಾತಿಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಬಂದ ಮೀನು ಹೆಚ್ಚಿತು, ಮೂಲದ್ದು ತಗ್ಗಿತು. 2018ರಲ್ಲಿ ವಿಜ್ಞಾನಿಗಳು ಗೂನುಬೆನ್ನಿನ ಮೀನಿನ ಜಾತಿಯನ್ನು ಖಚಿತಪಡಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಯನ್ನೂ ಸೇರಿತು.

ಹೊರಗಿನವರು ಮಾಡಿದ್ದು

ಥಾಯ್ಲೆಂಡಿನ ಬೆಟ್ಟಸೀಮೆಯಲ್ಲಿ ಸಾಲ್ವೀನ್ ನದಿಯ ಕಣಿವೆಗೆ ಸೇರಿದ ನ್ಗಾವ್ ಎಂಬ ಹೊಳೆಯಿದೆ. ಅದರ ದಡದ ಕರೆನ್ ಬುಡಕಟ್ಟಿನ ಹಳ್ಳಿಗರು 1990ರ ದಶಕದಿಂದ ಒಂದೊಂದಾಗಿ ತಮ್ಮೂರ ಮುಂದಿನ ಒಂದು ತುಂಡು ಹೊಳೆಯಲ್ಲಿ ಮೀನು ಹಿಡಿಯುವುದನ್ನು ನಿಲ್ಲಿಸಿದರು. ಸರ್ಕಾರದ ಆಜ್ಞೆಯಿಂದಲ್ಲ, ಊರಿನವರೇ ಕೂತು ಮಾಡಿಕೊಂಡ ಕಟ್ಟಳೆಯಿಂದ. ಮುರಿದವರಿಗೆ ದಂಡ. ಮೀಸಲು ತುಂಡಿನ ಹೊರಗೆ ಎಂದಿನಂತೆ ಹಿಡಿಯಬಹುದು. ವಿಜ್ಞಾನಿಗಳು ಇಂಥ 23 ಮೀಸಲುಗಳನ್ನು ಪಕ್ಕದ ತೆರೆದ ಹೊಳೆಯೊಡನೆ ಹೋಲಿಸಿ ನೋಡಿ 2020ರಲ್ಲಿ ಪ್ರಕಟಿಸಿದರು. ಮೀಸಲಿನೊಳಗೆ ಮೀನಿನ ಜಾತಿಗಳು ಶೇ. 27ರಷ್ಟು ಹೆಚ್ಚು, ಸಂಖ್ಯೆ ಎರಡು ಪಟ್ಟಿಗೂ ಹೆಚ್ಚು, ಒಟ್ಟು ತೂಕವಂತೂ ಇಪ್ಪತ್ತು ಪಟ್ಟಿಗೂ ಮೀರಿ ಹೆಚ್ಚು. ಅಂದರೆ ಅಲ್ಲಿ ದೊಡ್ಡ ತಾಯಿಮೀನು ಉಳಿದಿದೆ ಎಂದರ್ಥ. ದೊಡ್ಡ ಮೀಸಲುಗಳಲ್ಲಿ, ಊರಿನವರ ಕಣ್ಣಿಗೆ ಬೀಳುವ ಜಾಗಗಳಲ್ಲಿ ಫಲ ಇನ್ನೂ ಚೆನ್ನಾಗಿತ್ತು.

ಇಲ್ಲಿ ಬೆಲೆಯುಳ್ಳ ಮಾತೆಂದರೆ ಆ ಹಳ್ಳಿಗಳೇನೂ ಸಿರಿವಂತವಲ್ಲ. ದುಡ್ಡು ಸುರಿದು ಮಾಡಿದ ಕೆಲಸವಲ್ಲ ಅದು. ಒಂದೂರಿನ ಮಡು ನೋಡಿ ಪಕ್ಕದೂರು, ಅದನ್ನು ನೋಡಿ ಇನ್ನೊಂದೂರು.

ಎರಡು ರಾಜ್ಯಗಳಲ್ಲಿ ಹರಿಯುವ ನಮ್ಮ ವೇದಾವತಿಯಂಥ ಹೊಳೆಗೆ ಯುರೋಪಿನ ರೈನ್ ನದಿ ಪಾಠ ಹೇಳುತ್ತದೆ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಬಳಿ ಕೀಟನಾಶಕಗಳ ಉಗ್ರಾಣಕ್ಕೆ ಬೆಂಕಿ ಬಿತ್ತು. ಬೆಂಕಿಯಾರಿಸಿದ ನೀರಿನೊಡನೆ ವಿಷವೂ ಹೊಳೆಗಿಳಿದು, ನೂರಾರು ಕಿಲೋಮೀಟರ್ ಕೆಳಗಿನವರೆಗೆ ಹಾವುಮೀನುಗಳು ಸತ್ತು ತೇಲಿದವು. ಮರುವರ್ಷವೇ ರೈನ್ ದಡದ ದೇಶಗಳು ಕೂಡಿ ಒಂದು ಕಾರ್ಯಕ್ರಮ ಹಾಕಿಕೊಂಡವು. ಆ ನದಿಯಿಂದ ಕಣ್ಮರೆಯಾಗಿದ್ದ ಸಾಲ್ಮನ್ ಮೀನು ಮರಳಿ ಬರಬೇಕೆಂಬುದೇ ಅದರ ಗುರಿಗಳಲ್ಲೊಂದು. ಸಾಲ್ಮನ್ ಸಮುದ್ರದಿಂದ ಹೊಳೆ ಏರಿ ಮೊಟ್ಟೆಯಿಡುವ ಮೀನು. ನೀರು ಶುದ್ಧವಾಯಿತು. 2000 ಮತ್ತು 2006ರಲ್ಲಿ ಎರಡು ದೊಡ್ಡ ಅಣೆಕಟ್ಟುಗಳಿಗೆ ಮೀನಿನ ಮೆಟ್ಟಿಲುಗಳು ಬಂದವು. ಸಾಲ್ಮನ್ ಮತ್ತೆ ಏರತೊಡಗಿತು. ಕೆಲಸ ಇನ್ನೂ ಪೂರ್ತಿಯಾಗಿಲ್ಲ, ಆದರೆ ಜಗಳವಾಡುತ್ತಿದ್ದ ದೇಶಗಳು ಒಂದು ಮೀನನ್ನು ಗುರಿಯಾಗಿಟ್ಟುಕೊಂಡು ಒಂದು ಮೇಜಿಗೆ ಬಂದದ್ದು ನಿಜ.

ಅಮೆರಿಕದ ಪೆನಾಬ್‌ಸ್ಕಾಟ್ ಹೊಳೆಯಲ್ಲಿ ಅಲ್ಲಿನ ಬುಡಕಟ್ಟಿನವರು, ಪರಿಸರ ಸಂಘಗಳು, ವಿದ್ಯುತ್ ಕಂಪನಿ, ಸರ್ಕಾರ ಎಲ್ಲರೂ ಒಪ್ಪಂದಕ್ಕೆ ಬಂದು 2012 ಮತ್ತು 2013ರಲ್ಲಿ ಎರಡು ಅಣೆಕಟ್ಟುಗಳನ್ನು ತೆಗೆದರು, ಮೂರನೆಯದರ ಪಕ್ಕದಲ್ಲಿ ಮೀನಿಗೆ ಬಳಸುದಾರಿ ಮಾಡಿದರು. ಕಳೆದುಕೊಂಡ ವಿದ್ಯುತ್ತನ್ನು ಉಳಿದ ಅಣೆಕಟ್ಟುಗಳಲ್ಲಿ ಹೆಚ್ಚಿಸಿಕೊಂಡರು. ನಮಗೆ ಅಣೆಕಟ್ಟು ತೆಗೆಯುವ ಮಾತು ಬೇಡ. ಬಳಸುದಾರಿಯ ಮಾತು ಬೇಕು.

ನಿಮ್ಮ ಸಂಘ ಏನು ಮಾಡಬಹುದು?

ಮೊದಲು ಒಂದು ಮಡುವನ್ನು ಗೊತ್ತು ಮಾಡಿಕೊಳ್ಳಿ. ಹೊಳೆಯ ದಡದ ಊರಾದರೆ ಬೇಸಿಗೆಗೂ ನೀರು ನಿಲ್ಲುವ ಆಳದ ಜಾಗ. ಕೆರೆಯಾದರೆ ತೂಬಿನ ಮುಂದಿನ ಹೊಂಡ. ಅಲ್ಲಿ ಬಲೆ ಬೀಳಕೂಡದು. ಪಂಪು ಇಟ್ಟು ತಳದವರೆಗೆ ಎಳೆಯಲೂ ಕೂಡದು. ಕೆರೆ ಪೂರ್ತಿ ಬತ್ತುವ ವರ್ಷ ಏನೂ ಮಾಡಲಾಗದು, ನಿಜ. ಆದರೆ ಸೊಂಟದುದ್ದ ನೀರು ಉಳಿಯುವ ವರ್ಷಗಳಲ್ಲೂ ನಾವು ತಾಯಿಮೀನನ್ನು ಉಳಿಸುತ್ತಿಲ್ಲ.

ಎರಡನೆಯದು ಹೊಸ ನೀರಿನ ದಿನಗಳು. ಹಳ್ಳಕ್ಕೆ ಕೆಂಪು ನೀರು ಬಂದ ದಿನದಿಂದ ಹದಿನೈದು ದಿನ ಹಳ್ಳಕ್ಕೆ ಅಡ್ಡಬಲೆ ಕಟ್ಟುವುದಿಲ್ಲ, ಕೋಡಿಯ ಬಾಯಲ್ಲಿ ಕೂಳಿ ಇಡುವುದಿಲ್ಲ ಎಂದು ಕಟ್ಟಳೆ ಮಾಡಿ. ಸೊಳ್ಳೆಪರದೆಯನ್ನಂತೂ ಎಂದಿಗೂ ಬಿಡಬೇಡಿ. ಹೀಗೆ ಹೇಳುವಾಗ ಒಂದು ಎಚ್ಚರ ಬೇಕು. ಕೋಡಿಯ ಬಾಯಲ್ಲಿ ನಿಲ್ಲುವವರಲ್ಲಿ ಹೆಚ್ಚಿನವರು ಜಮೀನಿಲ್ಲದವರು. ಗುತ್ತಿಗೆಯಲ್ಲೂ ಅವರಿಗೆ ಪಾಲಿಲ್ಲ, ಸಂಘದಲ್ಲೂ ಹೆಸರಿಲ್ಲ. ವರ್ಷಕ್ಕೊಮ್ಮೆ ಮನೆಯಲ್ಲಿ ಮೀನಿನ ಸಾರು ಕುದಿಯುವುದೇ ಆ ದಿನ. ಅವರ ಬುಟ್ಟಿ ಕಿತ್ತುಕೊಂಡು ಮೀನು ಉಳಿಸುವ ಸಂಘವನ್ನು ನಾನು ಒಪ್ಪಲಾರೆ. ಅವರನ್ನೂ ಸಭೆಗೆ ಕರೆಯಿರಿ. ಕೆರೆ ಹಿಡಿಯುವ ದಿನ ಮನೆಗಿಷ್ಟು ಮೀನೆಂದು ಮೊದಲೇ ಬರೆದಿಡಿ. ಕಾವಲಿನ ಕೆಲಸವನ್ನು ಅವರಿಗೇ ಕೊಟ್ಟು ಕೂಲಿ ಕೊಡಿ. ನ್ಗಾವ್ ಹಳ್ಳಿಗಳಲ್ಲಿ ಕಟ್ಟಳೆ ನಿಂತದ್ದು ಹಿಡಿಯುವವರೇ ಅದನ್ನು ಮಾಡಿಕೊಂಡದ್ದರಿಂದ.

ಕೋಡಿ, ಚೆಕ್ ಡ್ಯಾಮುಗಳ ಗೋಡೆ ಕಾಲೆತ್ತರ, ಆಳೆತ್ತರದವು. ಇವಕ್ಕೆ ದೊಡ್ಡ ಯಂತ್ರಗಳ ಮೆಟ್ಟಿಲು ಬೇಕಿಲ್ಲ. ಗೋಡೆಯ ಕೆಳಬದಿಗೆ ಒಂದು ಪಕ್ಕದಲ್ಲಿ ದಪ್ಪ ಕಲ್ಲುಗಳನ್ನು ಉದ್ದನೆಯ ಇಳಿಜಾರಾಗಿ ಜೋಡಿಸಿ, ನಡುನಡುವೆ ನೀರು ನಿಲ್ಲುವ ಗುಂಡಿಗಳಿರುವಂತೆ ಮಾಡಿದರೆ ಸಣ್ಣ ಮೀನು ಕಲ್ಲಿಂದ ಕಲ್ಲಿಗೆ ತಂಗುತ್ತ ಏರುತ್ತದೆ. ಇಳಿಜಾರು ಕಡಿದಾಗಿರಬಾರದು, ಎತ್ತಿನ ಗಾಡಿ ಏರುವಷ್ಟು ಸಲೀಸಾಗಿರಲಿ. ಗೋಡೆಯ ತಲೆಯಲ್ಲಿ ಆ ಪಕ್ಕಕ್ಕೆ ಒಂದು ಗೇಣು ತಗ್ಗು ಬಿಟ್ಟರೆ ಕೊನೆಯ ನೀರು ಅಲ್ಲೇ ಹರಿಯುತ್ತದೆ. ಇರುವ ಗೋಡೆಯನ್ನು ನೀವಾಗಿ ಒಡೆಯಲು ಹೋಗಬೇಡಿ. ಸಣ್ಣ ನೀರಾವರಿಯ ಎಂಜಿನಿಯರಿಗೂ ಪಂಚಾಯಿತಿಗೂ ಅರ್ಜಿ ಕೊಡಿ. ಹೊಸದಾಗಿ ಕಟ್ಟುವ ಚೆಕ್ ಡ್ಯಾಮಿಗೆ ಅಂದಾಜುಪಟ್ಟಿ ಮಾಡುವಾಗಲೇ ಇದನ್ನು ಸೇರಿಸುವಂತೆ ಕೇಳುವುದು ಇನ್ನೂ ಸುಲಭ.

ಆಫ್ರಿಕನ್ ಕ್ಯಾಟ್‌ಫಿಶ್ ಮರಿ ಅಗ್ಗಕ್ಕೆ ಸಿಗುತ್ತದೆಂದು ಕೆರೆಗೆ ಬಿಡಬೇಡಿ. 2000ದಲ್ಲೇ ಕೇಂದ್ರ ಸರ್ಕಾರ ಅದರ ಸಾಕಣೆಯನ್ನು ನಿಷೇಧಿಸಿದೆ. ಕೋಡಿ ಬಿದ್ದ ದಿನ ಅದು ಹೊಳೆಗಿಳಿದರೆ ಉಳಿದೆಲ್ಲ ಮೀನಿಗೂ ಅದೇ ಯಮ. ವಿಷ ಹಾಕುವವರು, ತೋಟೆ ಸಿಡಿಸುವವರು ಕಂಡರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಗೂ ಪೊಲೀಸರಿಗೂ ತಿಳಿಸಿ.

ಇನ್ನೊಂದು ಕೆಲಸಕ್ಕೆ ಖರ್ಚೇ ಇಲ್ಲ, ಒಂದು ನೋಟ್‌ಬುಕ್ ಸಾಕು. ಕೆರೆಗೆ ಯಾವ ದಿನ ನೀರು ಬಂತು, ಎಂದು ಕೋಡಿ ಬಿತ್ತು, ಯಾವ ಮೀನು ಮೊದಲು ಏರಿತು, ಯಾವುದು ಈ ವರ್ಷ ಕಾಣಲಿಲ್ಲ ಎಂದು ಬರೆದಿಡಿ. ಊರಿನ ಹಿರಿಯ ಬೆಸ್ತರನ್ನು ಕೂರಿಸಿಕೊಂಡು ಅವರು ಕಂಡ ಮೀನಿನ ಹೆಸರುಗಳನ್ನು ಕನ್ನಡದಲ್ಲೂ ತೆಲುಗಿನಲ್ಲೂ ಕೇಳಿ ಬರೆದುಕೊಳ್ಳಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಈಗಿನ ಅರಿವು ಕೇಂದ್ರದಲ್ಲಿ ಅದರ ಒಂದು ಪ್ರತಿ ಇರಲಿ. ಶಾಲೆಯ ಮಕ್ಕಳೂ ನೋಡಲಿ.

ಸಹಕಾರ ಸಂಘಗಳ ವಾರ್ಷಿಕ ಮಹಾಸಭೆ ಸೆಪ್ಟೆಂಬರ್ 25ರೊಳಗೆ ನಡೆಯಬೇಕು. ಹಸ್ತ ಮಳೆ ಹುಟ್ಟುವುದು ಅದರ ಬೆನ್ನಿಗೇ, ಸುಮಾರು 27ಕ್ಕೆ. ಈ ವರ್ಷದ ಸಭೆಯ ನೋಟೀಸಿನಲ್ಲಿ ಮಡುವಿನ ವಿಷಯವನ್ನೂ ಹದಿನೈದು ದಿನದ ವಿಷಯವನ್ನೂ ಸೇರಿಸಿ. ನಿಮ್ಮ ಕೆರೆಯ ನೀರು ಹರಿದುಹೋಗುವ ಕೆಳಗಿನ ಕೆರೆಯವರಿಗೂ, ನಿಮಗೆ ನೀರು ಬಿಡುವ ಮೇಲಿನ ಕೆರೆಯವರಿಗೂ ಒಂದೊಂದು ಕರೆಯೋಲೆ ಕಳಿಸಿ, ಅವರ ಎದುರಿನಲ್ಲೇ ಠರಾವು ಬರೆಯಿರಿ.